ಕಬಡ್ಡಿ ರಾತ್ರಿಯ ಸಾವಿರ ಫೋಟೋ: ಕಾರ್ಡಿನಿಂದ ಪತ್ರಿಕೆಯವರೆಗೆ ಸಮಗ್ರ ಮಾರ್ಗದರ್ಶಿ

ಮಳೆ ಬಿಟ್ಟು ನೆಲ ಒಣಗಿತೆಂದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವುದಾದರೂ ಒಂದು ಮೈದಾನದಲ್ಲಿ ಲೈಟು ಉರಿಯುತ್ತಿರುತ್ತದೆ. ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ, ಸೆವೆನ್ಸ್ (ಏಳು ಜನರ ತಂಡದ) ಫುಟ್ಬಾಲ್. ಫೋಟೋ ತೆಗೆಯುವವರಿಗೆ ನಮ್ಮಲ್ಲಿ ಬರ ಇಲ್ಲ. ತೆಗೆದ ಫೋಟೋವನ್ನು ಹೊತ್ತಿಗೆ ಸರಿಯಾಗಿ, ಸರಿಯಾದ ಹೆಸರು ಹಾಕಿ ತಲುಪಿಸುವವರು ಮಾತ್ರ ಕಡಿಮೆ.

ತಡವಾಗುವುದು ಎಡಿಟಿಂಗ್‌ನಿಂದ ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಎಡಿಟಿಂಗ್ ಇದರಲ್ಲಿ ಸಣ್ಣ ಕೆಲಸ, ಒಂದು ಫೋಟೋಗೆ ಒಂದು ನಿಮಿಷ ಸಾಕು. ಹೊತ್ತು ತಿನ್ನುವುದು ಬೇರೆಯೇ. ಕಾಪಿ ಮಾಡುವುದು, ಆರಿಸುವುದು, ಆಮೇಲೆ 'ಈ ಏಳನೇ ನಂಬರಿನ ಹುಡುಗ ಯಾರು ಮಾರಾಯ್ರೆ' ಎಂದು ಹತ್ತು ಜನರಿಗೆ ಫೋನ್ ಮಾಡುವುದು. ಈ ಮೂರನ್ನು ಸರಿ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಹಗುರವಾಗುತ್ತದೆ. ಕಬಡ್ಡಿಯನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ಬೇರೆ ಆಟಗಳಿಗೂ ದಾರಿ ಇದೇ.

ಮನೆ ಬಿಡುವ ಮೊದಲು

ಕ್ಯಾಮೆರಾದ ಗಡಿಯಾರ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಫೋನಿನ ಸಮಯಕ್ಕೆ ಸೆಕೆಂಡಿನವರೆಗೂ ಹೊಂದಿಸಿ. ಎರಡು ಕ್ಯಾಮೆರಾ ಇದ್ದರೆ, ಅಥವಾ ಜತೆಗೆ ಇನ್ನೊಬ್ಬರು ಬರುತ್ತಿದ್ದರೆ, ಇದು ತೀರಾ ಮುಖ್ಯ. ಎರಡರ ಫೋಟೋಗಳನ್ನು ಒಂದೇ ಫೋಲ್ಡರಿಗೆ ಹಾಕಿ ಸಮಯದ ಪ್ರಕಾರ ಜೋಡಿಸಿದಾಗ ಒಂದೇ ರೈಡಿನ ಫೋಟೋಗಳು ಅಕ್ಕಪಕ್ಕ ಬರಬೇಕು. ಇನ್ನೊಂದು ಉಪಾಯ: ಮೈದಾನ ತಲುಪಿದ ಕೂಡಲೇ ಫೋನಿನ ಗಡಿಯಾರವನ್ನೇ ಎರಡೂ ಕ್ಯಾಮೆರಾಗಳಲ್ಲಿ ಒಂದೊಂದು ಫೋಟೋ ತೆಗೆದುಕೊಳ್ಳಿ. ವ್ಯತ್ಯಾಸ ಇದ್ದರೂ ಆಮೇಲೆ ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಆ ಕ್ಯಾಮೆರಾದ ಎಲ್ಲ ಫೋಟೋಗಳ ಸಮಯವನ್ನು ಒಂದೇ ಸಲಕ್ಕೆ ಸರಿಪಡಿಸಬಹುದು.

ಎರಡು ಕಾರ್ಡ್ ಹಾಕುವ ಕ್ಯಾಮೆರಾ ಆದರೆ ಒಂದಕ್ಕೆ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್), ಇನ್ನೊಂದಕ್ಕೆ ಜೆಪೆಗ್ (ಕುಗ್ಗಿಸಿದ ಸಿದ್ಧ ಫೋಟೋ) ಹೋಗುವಂತೆ ಇಡಿ. ಪತ್ರಿಕೆಗೆ ತುರ್ತಾಗಿ ಕಳಿಸಲು ಜೆಪೆಗ್ ಸಾಕು. ರಾತ್ರಿ ಲೈಟಿನಲ್ಲಿ ತೆಗೆದ ಒಳ್ಳೆಯ ಐದಾರು ಫೋಟೋಗಳನ್ನು ನಿಧಾನವಾಗಿ ಸರಿ ಮಾಡಲು ರಾ ಬೇಕು. ಒಂದೇ ಕಾರ್ಡ್ ಹಾಕುವ ಕ್ಯಾಮೆರಾ ಆದರೆ ಎರಡನ್ನೂ ಅದಕ್ಕೇ ಬರೆಯಿಸಿ. ಆದರೆ ನಿಧಾನದ ಕಾರ್ಡ್ ಇದ್ದರೆ ಬರ್ಸ್ಟ್ (ಬಟನ್ ಒತ್ತಿಹಿಡಿದು ಸಾಲಾಗಿ ತೆಗೆಯುವ ಫೋಟೋಗಳು) ಮಧ್ಯದಲ್ಲೇ ಕ್ಯಾಮೆರಾ ನಿಂತುಬಿಡುತ್ತದೆ, ಅದೂ ಸರಿಯಾಗಿ ಕ್ಯಾಚ್ ಬೀಳುವ ಹೊತ್ತಿಗೆ. ಅಂಥ ಕಾರ್ಡ್ ಇರುವವರು ಜೆಪೆಗ್ ಮಾತ್ರ ತೆಗೆಯುವುದು ಲೇಸು.

ಕಾರ್ಡ್ ಖಾಲಿ ಮಾಡುವುದು ಕ್ಯಾಮೆರಾದಲ್ಲೇ, ಫಾರ್ಮ್ಯಾಟ್ ಕೊಟ್ಟು. ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸಬೇಡಿ.

ಹೆಸರಿನ ಪಟ್ಟಿ: ಅರ್ಧ ಕೆಲಸ ಇಲ್ಲೇ

ಪಂದ್ಯ ಶುರುವಾಗುವ ಮೊದಲು ಸ್ಕೋರರ್ ಕುಳಿತಿರುವ ಮೇಜಿಗೆ ಹೋಗಿ. ಎರಡೂ ತಂಡಗಳ ಪಟ್ಟಿ ಅವರ ಹತ್ತಿರ ಇರುತ್ತದೆ. ನಗುಮುಖದಲ್ಲಿ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಅದರ ಫೋಟೋ ತೆಗೆದುಕೊಳ್ಳಿ. ಆಮಂತ್ರಣ ಪತ್ರದ್ದೂ ಒಂದು ತೆಗೆಯಿರಿ, ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳ ಹೆಸರು ಅದರಲ್ಲೇ ಇರುತ್ತದೆ. ಆದರೆ ಪತ್ರದಲ್ಲಿ ಹೆಸರಿರುವವರು ವೇದಿಕೆಯಲ್ಲೂ ಇರುತ್ತಾರೆ ಎಂದು ನಂಬಬೇಡಿ. ಬರದವರ ಹೆಸರು ಪತ್ರಿಕೆಯಲ್ಲಿ ಬಂದರೆ ಮರುದಿನ ಬೆಳಗ್ಗೆ ಫೋನ್ ಬರುವುದು ನಿಮಗೇ. ವೇದಿಕೆಯ ಫೋಟೋ ತೆಗೆದ ಕೂಡಲೇ ಸಂಘಟಕರಲ್ಲಿ ಒಬ್ಬರನ್ನು ಪಕ್ಕಕ್ಕೆ ಕರೆದು, ಎಡದಿಂದ ಬಲಕ್ಕೆ ಯಾರು ಯಾರು ಎಂದು ಫೋನಿನಲ್ಲಿ ಅವರ ಮಾತನ್ನೇ ರೆಕಾರ್ಡ್ ಮಾಡಿಕೊಳ್ಳಿ. ಅರ್ಧ ನಿಮಿಷದ ಕೆಲಸ.

ಈಗ ನಿಜವಾದ ಉಪಾಯಕ್ಕೆ ಬರೋಣ. ಫೋಟೋ ಮೆಕ್ಯಾನಿಕ್ ಎಂಬ ಸಾಫ್ಟ್‌ವೇರಿನಲ್ಲಿ ಕೋಡ್ ರಿಪ್ಲೇಸ್‌ಮೆಂಟ್ ಎಂಬ ಸೌಲಭ್ಯ ಇದೆ. ದೊಡ್ಡ ಪಂದ್ಯಗಳ ಫೋಟೋಗ್ರಾಫರ್‌ಗಳು ಆಟ ಮುಗಿಯುವ ಮೊದಲೇ ಹೆಸರು ಸಹಿತ ಫೋಟೋ ಕಳಿಸುವುದರ ಗುಟ್ಟು ಇದೇ. ಮಾಡಬೇಕಾದ್ದು ಇಷ್ಟು. ನೋಟ್‌ಪ್ಯಾಡ್ ತೆರೆಯಿರಿ. ಒಂದು ಸಾಲಿಗೆ ಒಬ್ಬ ಆಟಗಾರ. ಮೊದಲು ಒಂದು ಸಣ್ಣ ಕೋಡ್, ಆಮೇಲೆ ಟ್ಯಾಬ್ ಕೀ, ಆಮೇಲೆ ಪೂರ್ತಿ ಹೆಸರು ಮತ್ತು ತಂಡ. ಉಪ್ಪಳದ ತಂಡದ ಏಳನೇ ನಂಬರಿಗೆ ಉ7, ಬದಿಯಡ್ಕದ ಏಳನೇ ನಂಬರಿಗೆ ಬ7, ಹೀಗೆ. ಕೋಡನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರೆ ಬೆರಳಿಗೆ ಸುಲಭ. ಫೈಲನ್ನು ಯುಟಿಎಫ್-8 ಆಗಿ ಸೇವ್ ಮಾಡಿ, ಇಲ್ಲದಿದ್ದರೆ ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಆಮೇಲೆ ಕ್ಯಾಪ್ಷನ್ ಬರೆಯುವಾಗ ಆ ಕೋಡನ್ನು ಎರಡು ಬ್ಯಾಕ್‌ಸ್ಲ್ಯಾಶ್ ನಡುವೆ ಹೊಡೆದರೆ ಆಟಗಾರನ ಪೂರ್ತಿ ಹೆಸರು, ತಂಡದ ಹೆಸರು ಬಂದು ಕೂರುತ್ತದೆ.

ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಇನ್ನೂ ಒಂದು ಲಾಭ ಇದೆ. ಒಂದೇ ಕೋಡಿಗೆ ಎರಡು ಮೂರು ಕಾಲಂ ಕೊಡಬಹುದು. ಮೊದಲನೆಯದರಲ್ಲಿ ಕನ್ನಡದಲ್ಲಿ ಹೆಸರು, ಎರಡನೆಯದರಲ್ಲಿ ಮಲಯಾಳದಲ್ಲಿ, ಮೂರನೆಯದರಲ್ಲಿ ಇಂಗ್ಲಿಷಿನಲ್ಲಿ. ಕೋಡಿನ ನಂತರ ಹ್ಯಾಶ್ ಚಿಹ್ನೆ ಮತ್ತು ಕಾಲಂ ನಂಬರು ಹಾಕಿದರೆ ಆ ಭಾಷೆಯ ಹೆಸರು ಬರುತ್ತದೆ. ಮಂಗಳೂರಿನಲ್ಲಿ ಅಚ್ಚಾಗುವ ಕನ್ನಡ ಪತ್ರಿಕೆಗೆ ಒಂದು, ಮಲಯಾಳ ಪತ್ರಿಕೆಗೆ ಒಂದು ಎಂದು ಎರಡೆರಡು ಸಲ ಟೈಪ್ ಮಾಡುವ ತಾಪತ್ರಯ ಇಲ್ಲ. ಒಂದು ಸಲ ಮಾಡಿಟ್ಟ ಪಟ್ಟಿ ಇಡೀ ಸೀಸನ್‌ಗೆ ಆಗುತ್ತದೆ. ಅವೇ ತಂಡಗಳು ತಾನೇ ಎಲ್ಲ ಕಡೆ ಬರುವುದು? ಜೆರ್ಸಿ ನಂಬರ್ ಬದಲಾಗಿದೆಯೇ ಎಂದು ಮಾತ್ರ ಪ್ರತಿ ಸಲ ನೋಡಿಕೊಳ್ಳಿ. ನಮ್ಮ ಹುಡುಗರು ಒಂದು ವಾರ ಒಂದು ತಂಡಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ಆಡುವುದೂ ಉಂಟು.

ಫೋಟೋ ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಕು. ಬೇಡ ಅನ್ನುವವರು ವಿಂಡೋಸ್‌ನಲ್ಲಿ ಆಟೋಹಾಟ್‌ಕೀ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ಸಣ್ಣ ಕೋಡ್ ಹೊಡೆದರೆ ದೊಡ್ಡ ಹೆಸರು ಬರುವ ಕೆಲಸವನ್ನು ಅದು ಯಾವ ಸಾಫ್ಟ್‌ವೇರಿನ ಒಳಗೂ ಮಾಡಿಕೊಡುತ್ತದೆ. ಫೋನಿನಿಂದಲೇ ಕಳಿಸುವವರಿಗೆ ಜಿಬೋರ್ಡ್ ಕೀಬೋರ್ಡಿನ ವೈಯಕ್ತಿಕ ಡಿಕ್ಷನರಿಯಲ್ಲಿ ಇದೇ ಥರ ಶಾರ್ಟ್‌ಕಟ್ ಇಡಲು ಬರುತ್ತದೆ.

ಮೈದಾನದಲ್ಲಿ: ಆರಿಸುವ ಕೆಲಸ ಅಲ್ಲೇ ಶುರು

ಲೈಟಿನ ವಿಷಯ ಮೊದಲು. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಮೈದಾನದ ಹೆಚ್ಚಿನ ಲೈಟುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, 1/800ರ ಶಟರಿಗೆ ಕಾಣುತ್ತದೆ. ಒಂದೇ ಬರ್ಸ್ಟಿನಲ್ಲಿ ಒಂದು ಫೋಟೋ ಬೆಳ್ಳಗೆ, ಮುಂದಿನದು ಮಂಕು, ಅದರ ಮುಂದಿನದರಲ್ಲಿ ಅರ್ಧ ಅಂಕಣ ಹಳದಿ. ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಮಿರರ್‌ಲೆಸ್ ಇರುವವರು ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ, ಪಟ್ಟೆ ಬೀಳುವುದು ಕಡಿಮೆ ಆಗುತ್ತದೆ. ಇಷ್ಟು ಮಾಡಿದರೆ ಆಮೇಲೆ ಎಡಿಟಿಂಗ್‌ನಲ್ಲಿ ಒದ್ದಾಡುವುದು ಬಹಳ ಉಳಿಯುತ್ತದೆ.

ಲೈಟಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಇಡಬೇಡಿ. ಕೆಂಪು ಜೆರ್ಸಿಯವರು ಫ್ರೇಮ್ ತುಂಬಿದರೆ ಒಂದು ಬಣ್ಣ, ನೀಲಿಯವರು ಬಂದರೆ ಇನ್ನೊಂದು. ಯಾವುದಾದರೂ ಒಂದು ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸಂಖ್ಯೆಗೆ ಕಟ್ಟಿಹಾಕಿ. ತಪ್ಪಿದ್ದರೂ ಎಲ್ಲದರಲ್ಲೂ ಒಂದೇ ಥರ ತಪ್ಪಿರುತ್ತದೆ, ಒಂದೇ ಸಲಕ್ಕೆ ಸರಿ ಮಾಡಬಹುದು.

ಇನ್ನು ಲಾಕ್ ಬಟನ್. ಕ್ಯಾಮೆರಾದಲ್ಲಿ ಫೋಟೋ ಅಳಿಸದಂತೆ ಲಾಕ್ ಮಾಡುವ ಬಟನ್ ಅಥವಾ ಆಯ್ಕೆ ಇರುತ್ತದೆ. ಸೂಪರ್ ಟ್ಯಾಕಲ್ ಆಯಿತು, ಆಲೌಟ್ ಆಯಿತು ಎಂದುಕೊಳ್ಳಿ. ಟೈಮ್‌ಔಟ್ ಸಿಕ್ಕಾಗ ಹಿಂದೆ ಹೋಗಿ ಆ ಬರ್ಸ್ಟಿನ ಒಳ್ಳೆಯ ಒಂದು ಫೋಟೋವನ್ನು ಲಾಕ್ ಮಾಡಿ. ಪುರುಷರ ಕಬಡ್ಡಿಯಲ್ಲಿ 20 ನಿಮಿಷದ ಎರಡು ಅವಧಿ, ನಡುವೆ ವಿರಾಮ. ನಮ್ಮ ಕಡೆಯ ಟೂರ್ನಿಗಳಲ್ಲಿ ಅವಧಿ ಇನ್ನೂ ಕಿರಿದಾಗಿರುವುದುಂಟು. ಹೇಗಿದ್ದರೂ ವಿರಾಮ ಸಿಗುತ್ತದೆ. ಆ ಹೊತ್ತಿಗೆ ನಿಮ್ಮ ಕಾರ್ಡಿನಲ್ಲಿ ಐನೂರು ಫೋಟೋಗಳಲ್ಲಿ ಹತ್ತು ಲಾಕ್ ಆಗಿರುತ್ತವೆ. ಫೋಟೋ ಮೆಕ್ಯಾನಿಕ್‌ನಲ್ಲಿ ಲಾಕ್ ಮಾಡಿದವನ್ನು ಮಾತ್ರ ಕಾಪಿ ಮಾಡುವ ಆಯ್ಕೆ ಇದೆ. ಹತ್ತನ್ನು ಮಾತ್ರ ಲ್ಯಾಪ್‌ಟಾಪಿಗೆ ಎಳೆದು, ಅದರಲ್ಲಿ ಒಳ್ಳೆಯ ಎರಡು ಮೂರಕ್ಕೆ ಹೆಸರು ಹಾಕಿ, ಕಳಿಸಿ. ರಾತ್ರಿ ಪಂದ್ಯಗಳ ಫೈನಲ್ ಮುಗಿಯುವಾಗ ಪತ್ರಿಕೆಯ ಪುಟವೂ ಮುಗಿದಿರುತ್ತದೆ. ಪುಟ ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಡೆಸ್ಕಿನವರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಉದ್ಘಾಟನೆಯದ್ದೊಂದು, ಲೀಗ್ ಹಂತದ ಆಟದ್ದೆರಡು ಅಷ್ಟರೊಳಗೆ ಹೋಗಿರಬೇಕು.

ಕಾಪಿ ಮಾಡುವುದು

ಲೆಕ್ಕ ಹಾಕಿ ನೋಡಿ. ಒಂದು ರಾ ಫೈಲ್ ಸುಮಾರು 25 ಎಂಬಿ, ಅಂಥವು 1,500 ಇದ್ದರೆ 37 ಜಿಬಿ ದಾಟುತ್ತದೆ. ಹಳೆಯ ಯುಎಸ್‌ಬಿ 2.0 ರೀಡರ್ ಸೆಕೆಂಡಿಗೆ ಹೆಚ್ಚೆಂದರೆ 35 ಎಂಬಿ ಎಳೆಯುತ್ತದೆ, ಅಂದರೆ 18 ನಿಮಿಷ. ಯುಎಸ್‌ಬಿ 3 ರೀಡರಿನಲ್ಲಿ ಸಾಮಾನ್ಯ ಯುಎಚ್‌ಎಸ್-1 ಕಾರ್ಡ್ ಕೂಡ 90ರ ಹತ್ತಿರ ಓಡುತ್ತದೆ, ಏಳು ನಿಮಿಷದಲ್ಲಿ ಮುಗಿಯುತ್ತದೆ. ಹೊಸ ಲೆನ್ಸಿನ ಕನಸು ಕಾಣುವ ಮೊದಲು ಒಂದು ಒಳ್ಳೆಯ ಕಾರ್ಡ್ ರೀಡರ್ ತೆಗೆದುಕೊಳ್ಳಿ. ಕ್ಯಾಮೆರಾಕ್ಕೇ ಕೇಬಲ್ ಚುಚ್ಚಿ ಎಳೆಯುವ ಅಭ್ಯಾಸ ಬಿಟ್ಟುಬಿಡಿ, ಬ್ಯಾಟರಿ ಅರ್ಧದಲ್ಲಿ ಕೈಕೊಟ್ಟರೆ ಫಜೀತಿ.

ಫೋಲ್ಡರಿಗೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಅದರ ಮುಂದೆ ಆಟ, ಊರು. 2026-01-17-kabaddi-perla ಎಂಬಂತೆ. ಹೀಗಿಟ್ಟರೆ ಕಂಪ್ಯೂಟರ್ ತಾನಾಗಿಯೇ ತಾರೀಕಿನ ಕ್ರಮದಲ್ಲಿ ಜೋಡಿಸುತ್ತದೆ. ಫೈಲಿನ ಮತ್ತು ಫೋಲ್ಡರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡುವುದು ಕ್ಷೇಮ. ಪತ್ರಿಕೆಗಳ ಹಳೆಯ ಸರ್ವರ್‌ಗಳು ಕನ್ನಡದ ಫೈಲ್ ಹೆಸರು ಕಂಡರೆ ಮುಗ್ಗರಿಸುವುದುಂಟು. ಒಳಗಿನ ಕ್ಯಾಪ್ಷನ್ ಮಾತ್ರ ಕನ್ನಡದಲ್ಲೇ ಇರಲಿ. ಕ್ಯಾಮೆರಾ ಕೊಟ್ಟ ನಾಲ್ಕಂಕಿಯ ಫೈಲ್ ನಂಬರು 9999ರ ನಂತರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಕಾಪಿ ಮಾಡುವಾಗಲೇ ತಾರೀಕು ಮತ್ತು ಸಮಯ ಸೇರಿಸಿ ಹೊಸ ಹೆಸರು ಕೊಡುವಂತೆ ಸೆಟ್ ಮಾಡಿ. ಲೈಟ್‌ರೂಮ್, ಡಿಜಿಕ್ಯಾಮ್, ಫೋಟೋ ಮೆಕ್ಯಾನಿಕ್ ಮೂರರಲ್ಲೂ ಇದಕ್ಕೆ ಟೆಂಪ್ಲೇಟ್ ಮಾಡಿಡಬಹುದು.

ಅದೇ ಹೊತ್ತಿಗೆ ಎಲ್ಲ ಫೋಟೋಗಳಿಗೂ ಸಾಮಾನ್ಯವಾದ ಮಾಹಿತಿ ಸೇರಿಬಿಡಲಿ: ಫೋಟೋಗ್ರಾಫರ್ ಹೆಸರು, ಪಂದ್ಯದ ಹೆಸರು, ಊರು, ಜಿಲ್ಲೆ, ಹಕ್ಕು ಯಾರದ್ದು. ಊರನ್ನು ಊರಿನ ಕಾಲಂನಲ್ಲೇ ಹಾಕಿ, ಕೀವರ್ಡಿನಲ್ಲಿ ಬೆರೆಸಬೇಡಿ. ಇಲ್ಲದಿದ್ದರೆ ಮುಂದೆ ಕುಂಬಳೆ ಎಂದು ಹುಡುಕಿದಾಗ ಊರಿನ ಪಂದ್ಯಗಳೂ ಬರುತ್ತವೆ, ಊರನ್ನೇ ಹೆಸರಿನಲ್ಲಿ ಇಟ್ಟುಕೊಂಡ ಆಟಗಾರರೂ ಬರುತ್ತಾರೆ.

ಇನ್ನೊಂದು ಮಾತು. ಎರಡು ಜಾಗದಲ್ಲಿ ಕಾಪಿ ಆಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು. ಲ್ಯಾಪ್‌ಟಾಪ್ ಒಂದು, ಹೊರಗಿನ ಎಸ್‌ಎಸ್‌ಡಿ ಒಂದು. ಟೆರಾಕಾಪಿಯಂಥ ಸಾಫ್ಟ್‌ವೇರಿನಲ್ಲಿ ವೆರಿಫೈ ಕೊಟ್ಟರೆ ಪ್ರತಿ ಫೈಲೂ ಸರಿಯಾಗಿ ಬಂದಿದೆಯೇ ಎಂದು ಅದೇ ತಾಳೆ ನೋಡುತ್ತದೆ.

ಆರಿಸುವುದು: ಎರಡು ಸುತ್ತು

ಇಲ್ಲಿ ಲೈಟ್‌ರೂಮ್‌ಗಿಂತ ಫೋಟೋ ಮೆಕ್ಯಾನಿಕ್ ಯಾಕೆ ಬೇಗ ಓಡುತ್ತದೆ ಗೊತ್ತಾ? ರಾ ಫೈಲಿನ ಒಳಗೆ ಕ್ಯಾಮೆರಾ ಒಂದು ಜೆಪೆಗ್ ಇಟ್ಟಿರುತ್ತದೆ. ಫೋಟೋ ಮೆಕ್ಯಾನಿಕ್ ಆ ಜೆಪೆಗ್ಗನ್ನೇ ಎತ್ತಿ ತೋರಿಸುತ್ತದೆ, ರಾ ಬೇಯಿಸಲು ಹೋಗುವುದಿಲ್ಲ. ಉಚಿತವಾಗಿ ಬೇಕಿದ್ದರೆ ಎಕ್ಸ್‌ಎನ್‌ವ್ಯೂ ಎಂಪಿ ಅಥವಾ ಫಾಸ್ಟ್‌ಸ್ಟೋನ್ ಬಳಸಿ ನೋಡಿ, ಖಾಸಗಿ ಬಳಕೆಗೆ ದುಡ್ಡು ಬೇಡ. ಲೈಟ್‌ರೂಮ್ ಒಂದೇ ಇರುವವರು ಇಂಪೋರ್ಟ್ ಮಾಡುವಾಗ ಪ್ರಿವ್ಯೂ ಆಯ್ಕೆಯಲ್ಲಿ ಒಳಗಿನ ಜೆಪೆಗ್ ಬಳಸುವುದನ್ನೇ ಆರಿಸಿ. ಕ್ಯಾಪ್ಸ್ ಲಾಕ್ ಆನ್ ಮಾಡಿ. ಪಿ ಒತ್ತಿದರೆ ಆಯ್ಕೆ, ಎಕ್ಸ್ ಒತ್ತಿದರೆ ಬೇಡ, ಮುಂದಿನ ಫೋಟೋ ತಾನಾಗಿ ಬರುತ್ತದೆ. ಡಾರ್ಕ್‌ಟೇಬಲ್ ಎಂಬ ಉಚಿತ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸಂಖ್ಯೆ ಒತ್ತಿದರೆ ನಕ್ಷತ್ರ, ಆರ್ ಒತ್ತಿದರೆ ತಿರಸ್ಕಾರ.

ಮೊದಲ ಸುತ್ತಿನಲ್ಲಿ ಒಂದೇ ಪ್ರಶ್ನೆ: ಇದು ಬೇಕಾ? ಬೇಕಾದದ್ದಕ್ಕೆ ಮಾತ್ರ ಗುರುತು ಹಾಕುತ್ತಾ ಮುಂದೆ ಓಡಿ. ಬೇಡದ್ದನ್ನು ಹುಡುಕಿ ಹುಡುಕಿ ಅಳಿಸುತ್ತಾ ಕೂತರೆ ಬೆಳಗಾಗುತ್ತದೆ. ಸಾವಿರದಲ್ಲಿ ಬೇಡದ್ದೇ ಒಂಬೈನೂರು ಅಲ್ವಾ? ಒಂದು ಫೋಟೋಗೆ ಒಂದು ಸೆಕೆಂಡು. ಹಿಂದೆ ಹೋಗಬೇಡಿ.

ಎರಡನೇ ಸುತ್ತಿನಲ್ಲಿ ಗುರುತು ಹಾಕಿದವನ್ನು ಮಾತ್ರ ದೊಡ್ಡದು ಮಾಡಿ ನೋಡಿ. ಒಂದು ಬರ್ಸ್ಟನ್ನು ಹತ್ತಿರದಿಂದ ನೋಡೋಣ. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ್ದಾನೆ, ಕಾರ್ನರಿನವನು ಹಿಮ್ಮಡಿಗೆ ಕೈ ಹಾಕಿದ್ದಾನೆ. ಮೊದಲ ಎರಡು ಫೋಟೋಗಳಲ್ಲಿ ಕೈ ಮುಟ್ಟಿಲ್ಲ, ಬೇಡ. ಮೂರನೆಯದರಲ್ಲಿ ಹಿಡಿತ ಬಿದ್ದಿದೆ, ಆದರೆ ರೈಡರ್ ಮುಖ ಆಚೆ ತಿರುಗಿದೆ. ನಾಲ್ಕು ಮತ್ತು ಐದರಲ್ಲಿ ಅವನು ಮಧ್ಯರೇಖೆಯ ಕಡೆ ಹೊರಳುತ್ತಿದ್ದಾನೆ, ಮುಖ ಈಚೆಗೆ ಬಂದಿದೆ, ಹಲ್ಲು ಕಚ್ಚಿದ್ದಾನೆ, ಕವರಿನವನು ಗಾಳಿಯಲ್ಲಿದ್ದಾನೆ. ಆರರಲ್ಲಿ ಮೂವರು ಮೇಲೆ ಬಿದ್ದಿದ್ದಾರೆ, ಕಾಣುವುದು ಬೆನ್ನುಗಳು ಮಾತ್ರ. ಏಳರಲ್ಲಿ ರಾಶಿಯ ಅಡಿಯಿಂದ ಒಂದು ಕೈ ಹೊರಗೆ ಬಂದಿದೆ, ಬೆರಳಿಗೂ ಮಧ್ಯರೇಖೆಗೂ ನಡುವೆ ಒಂದು ಗೇಣು.

ಐದನ್ನೂ ಏಳನ್ನೂ ಇಟ್ಟುಕೊಳ್ಳಿ. ಐದು ನೋಡಲು ಚೆಂದ. ಏಳು ಸುದ್ದಿ, ಯಾಕೆಂದರೆ ಪಾಯಿಂಟ್ ಯಾರಿಗೆ ಹೋಯಿತು ಎಂದು ಅದು ಹೇಳುತ್ತದೆ. ನಾಲ್ಕನ್ನು ಬಿಡುವುದು ಕಷ್ಟ, ಬಿಡಿ. ಐದಕ್ಕೂ ಅದಕ್ಕೂ ಓದುಗರಿಗೆ ವ್ಯತ್ಯಾಸ ಕಾಣುವುದಿಲ್ಲ.

ನಕ್ಷತ್ರದ ಲೆಕ್ಕ ಸರಳವಾಗಿರಲಿ. ನಾನು ಬಳಸುವುದು ಮೂರೇ. ಒಂದು ನಕ್ಷತ್ರ ಎಂದರೆ ಇಟ್ಟುಕೊಳ್ಳಬೇಕಾದ್ದು, ಮೂರು ಎಂದರೆ ಕ್ಲಬ್ಬಿಗೆ ಕೊಡಬೇಕಾದ್ದು, ಐದು ಎಂದರೆ ಪತ್ರಿಕೆಗೆ. ಎರಡು, ನಾಲ್ಕು ಇಟ್ಟುಕೊಂಡರೆ ತೀರ್ಮಾನ ಮಾಡುವುದರಲ್ಲೇ ಹೊತ್ತು ಹೋಗುತ್ತದೆ.

ಗೆದ್ದವರ ಕುಣಿತ, ಸೋತವರ ಬೆಂಚು, ಮರ ಹತ್ತಿ ಕೂತು ನೋಡುವವರು, ಕೋಚ್ ಎದ್ದು ನಿಂತು ಕೂಗುವುದು, ಇವುಗಳನ್ನೂ ಆರಿಸಿಕೊಳ್ಳಿ. ಆಟದ ಫೋಟೋಗಳನ್ನು ಹತ್ತು ಜನ ತೆಗೆದಿರುತ್ತಾರೆ.

ಹೆಸರು ಹಾಕುವುದು, ಎಡಿಟಿಂಗ್‌ಗಿಂತ ಮೊದಲು

ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕೊನೆಗೆ ಇಟ್ಟರೆ ಆಗುವುದೇ ಇಲ್ಲ, ನಿದ್ದೆ ಬಂದಿರುತ್ತದೆ. ಆರಿಸಿದ ಕೂಡಲೇ, ಯಾರು ಏನು ಮಾಡಿದರು ಎಂಬುದು ನೆನಪಿರುವಾಗಲೇ ಬರೆದುಬಿಡಿ. ಕ್ಯಾಪ್ಷನ್‌ನಲ್ಲಿ ಯಾರು, ಯಾರ ವಿರುದ್ಧ, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವತ್ತು, ಇಷ್ಟು ಒಂದೆರಡು ವಾಕ್ಯದಲ್ಲಿ ಇರಲಿ. 'ರೋಚಕ ಕ್ಷಣ' ಎಂದು ಬರೆಯುವುದರಿಂದ ಯಾರಿಗೂ ಉಪಯೋಗ ಇಲ್ಲ. 'ಬದಿಯಡ್ಕ ತಂಡದ ರೈಡರ್‌ನನ್ನು ಮಧ್ಯರೇಖೆಯ ಬಳಿ ಹಿಡಿದ ಉಪ್ಪಳದ ರಕ್ಷಣಾ ಆಟಗಾರರು' ಎಂದು ಬರೆದು ಇಬ್ಬರ ಹೆಸರೂ ಸೇರಿಸಿ. ನಂಬರ್ ಕಾಣದಿದ್ದರೆ ಊಹೆ ಬೇಡ, ಅದೇ ಬರ್ಸ್ಟಿನ ಹಿಂದಿನ ಮುಂದಿನ ಫೋಟೋ ನೋಡಿ. ಎಲ್ಲಾದರೂ ಒಂದರಲ್ಲಿ ಬೆನ್ನು ಕಾಣುತ್ತದೆ. ಬೇಡದ ಫೋಟೋಗಳನ್ನು ಆತುರದಲ್ಲಿ ಅಳಿಸಬಾರದು ಎನ್ನುವುದು ಇದಕ್ಕೇ.

ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಡಕು. ಫೋಟೋದ ಒಳಗೆ ಸೇರುವ ಐಪಿಟಿಸಿ ಮಾಹಿತಿಯಲ್ಲಿ ಯೂನಿಕೋಡ್ ಅಕ್ಷರ ಇರಬೇಕು. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಅಲ್ಲಿ ಅಂಟಿಸಿದರೆ ಕಾಣುವುದು ಕಲಸುಮೇಲೋಗರ. ಆ ಕಡೆ ಕೆಲವು ಪತ್ರಿಕೆಗಳಲ್ಲಿ ಪುಟ ಕಟ್ಟುವುದು ಈಗಲೂ ಹಳೆಯ ಫಾಂಟಿನಲ್ಲೇ. ಅವರು ಬೇಕಾದರೆ ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳುತ್ತಾರೆ. ನೀವು ಯೂನಿಕೋಡನ್ನು ಬಿಡಬೇಡಿ. ಮುಂದೆ ಹುಡುಕಿದಾಗ ಸಿಗುವುದು ಅದು ಮಾತ್ರ.

ಎಡಿಟಿಂಗ್: ಒಂದು ಫೋಟೋಗೆ ಒಂದು ನಿಮಿಷ

ಕ್ರಮ ಇದು. ಮೊದಲು ಒಂದು ಫೋಟೋದಲ್ಲಿ ವೈಟ್ ಬ್ಯಾಲೆನ್ಸ್ ಸರಿ ಮಾಡಿ. ಬಿಳಿ ಗೆರೆ ಅಥವಾ ಅಂಪೈರ್ ತೊಟ್ಟ ಬಿಳಿ ಅಂಗಿ ಸಿಕ್ಕರೆ ಅದರ ಮೇಲೆ ಐಡ್ರಾಪರ್ ಇಡಿ. ಅದೇ ಲೈಟಿನಲ್ಲಿ ತೆಗೆದ ಎಲ್ಲದಕ್ಕೂ ಅದೇ ಬದಲಾವಣೆ ಹೋಗುವಂತೆ ಸಿಂಕ್ ಕೊಡಿ. ಎಕ್ಸ್‌ಪೋಶರನ್ನು ಮಾತ್ರ ಸಿಂಕ್ ಮಾಡಬೇಡಿ. ಲೈಟು ಮಿನುಗುವ ಮೈದಾನದಲ್ಲಿ ಅಕ್ಕಪಕ್ಕದ ಎರಡು ಫೋಟೋಗಳೂ ಬೇರೆ ಬೇರೆ ಬೆಳಕಿನಲ್ಲಿರುತ್ತವೆ. ಅದನ್ನು ಒಂದೊಂದಾಗಿಯೇ ನೋಡಬೇಕು.

ಆಮೇಲೆ ಕ್ರಾಪ್. ಲೈಟ್‌ರೂಮ್‌ನಲ್ಲಿ ಆರ್ ಒತ್ತಿ. ಅಂಕಣದ ಗೆರೆ ಅಥವಾ ಹಿಂದಿನ ಕಂಬ ನೋಡಿ ಓರೆ ಸರಿ ಮಾಡಿ. ಕಬಡ್ಡಿಯಲ್ಲಿ ಕಾಲು ಕತ್ತರಿಸಬೇಡಿ. ಫುಟ್ಬಾಲಿನಲ್ಲಿ ಚೆಂಡು ಹೇಗೋ ಇಲ್ಲಿ ಗೆರೆ ಹಾಗೆ. ಗೆರೆಯೂ ಅದರ ಹತ್ತಿರದ ಕಾಲೋ ಕೈಯೋ ಫ್ರೇಮಿನಲ್ಲಿ ಇದ್ದರೆ ಮಾತ್ರ ಏನಾಗುತ್ತಿದೆ ಎಂದು ತಿಳಿಯುತ್ತದೆ. ಹಿಂದೆ ನಿಂತ ಐಸ್‌ಕ್ರೀಂ ಗಾಡಿ, ಜನರೇಟರ್, ಫೋನ್ ನೋಡುತ್ತಿರುವ ವಾಲಂಟಿಯರ್, ಇವು ಕ್ರಾಪಿನಲ್ಲೇ ಹೋದರೆ ಒಳ್ಳೆಯದು. ಪತ್ರಿಕೆಗೆ ಕಳಿಸುವ ಫೋಟೋದಲ್ಲಿ ಎಐ ಬಳಸಿ ಅವನ್ನು ಅಳಿಸಬೇಡಿ. ಬೆಳಕು, ಬಣ್ಣ, ಕ್ರಾಪ್, ನಾಯ್ಸ್, ಇಷ್ಟೇ ಗಡಿ. ಕ್ಲಬ್ಬಿನ ಫ್ಲೆಕ್ಸಿಗೆ ಬೇಕಿದ್ದರೆ ಹಿಂದೆ ಬೆಂಕಿ, ಸಿಡಿಲು ಏನು ಬೇಕಾದರೂ ಹಾಕಿ ಕೊಡಿ. ಆದರೆ ಆ ಫೈಲನ್ನು ಬೇರೆ ಫೋಲ್ಡರಿನಲ್ಲಿಡಿ, ಹೆಸರಿನಲ್ಲೇ ಪೋಸ್ಟರ್ ಎಂದು ಇರಲಿ.

ಮುಖ ಕತ್ತಲಾಗಿದ್ದರೆ ಶ್ಯಾಡೋ ಸ್ವಲ್ಪ ಏರಿಸಿ. ಜಾಸ್ತಿ ಏರಿಸಿದರೆ ರಾತ್ರಿ ಹೋಗಿ ಸಂಜೆ ಆಗಿಬಿಡುತ್ತದೆ, ಬೆವರಿನ ಹೊಳಪೂ ಹೋಗುತ್ತದೆ. ಕಪ್ಪು ಆಕಾಶ ಕಪ್ಪಾಗಿಯೇ ಇರಲಿ. ಮೈಬಣ್ಣ ಬೆಳ್ಳಗೆ ಮಾಡುವ ಚಾಳಿ ಬೇಡ, ಆಟಗಾರರನ್ನು ಅವರ ಮನೆಯವರು ಗುರುತು ಹಿಡಿಯಬೇಕಲ್ಲ. ಮಣ್ಣಿನ ಅಂಕಣ ಆದರೆ ಕ್ಲ್ಯಾರಿಟಿ ಒಂದಿಷ್ಟು ಕೊಟ್ಟರೆ ಏಳುವ ಧೂಳು ಚೆಂದ ಕಾಣುತ್ತದೆ. ಮ್ಯಾಟಿನ ಮೇಲೆ ಅದರ ಅಗತ್ಯ ಇಲ್ಲ.

ನಾಯ್ಸ್ ವಿಷಯ. ಐಎಸ್‌ಒ 6400 ದಾಟಿದ ಫೋಟೋ ದೊಡ್ಡದು ಮಾಡಿದರೆ ಕಾಳುಕಾಳು ಕಾಣುತ್ತದೆ. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್ ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಒಂದೊಂದು ಫೋಟೋಗೆ ನಿಮಿಷಗಟ್ಟಲೆ ಹಿಡಿಯುತ್ತದೆ. ಐದು ನಕ್ಷತ್ರದವಕ್ಕೆ ಮಾತ್ರ ಕೊಡಿ, ಅದನ್ನೂ ತುರ್ತಿನವನ್ನು ಕಳಿಸಿದ ಮೇಲೆ. ಪತ್ರಿಕೆಯ ಕಾಗದದಲ್ಲಿ, ಫೋನಿನ ಪರದೆಯಲ್ಲಿ ಆ ಕಾಳು ಯಾರಿಗೂ ಕಾಣುವುದಿಲ್ಲ. ಡಾರ್ಕ್‌ಟೇಬಲ್‌ನಲ್ಲಿ ಪ್ರೊಫೈಲ್ಡ್ ಡಿನಾಯ್ಸ್ ಇದೆ, ಸಾಮಾನ್ಯ ಬಳಕೆಗೆ ಸಾಕು. ಒಂದಕ್ಕೆ ಮಾಡಿದ ಬದಲಾವಣೆಗಳನ್ನು ಸ್ಟೈಲ್ ಆಗಿ ಉಳಿಸಿ ಉಳಿದವಕ್ಕೂ ಹಾಕಬಹುದು.

ಕಳಿಸುವುದು

ಎಕ್ಸ್‌ಪೋರ್ಟಿಗೆ ಮೂರು ಪ್ರಿಸೆಟ್ ಮಾಡಿಟ್ಟುಕೊಳ್ಳಿ. ಪತ್ರಿಕೆಗೆ ಉದ್ದದ ಬದಿ 3000 ಪಿಕ್ಸೆಲ್, ಗುಣಮಟ್ಟ 85ರ ಆಸುಪಾಸು. ಕ್ಲಬ್ಬಿನವರಿಗೆ ಮತ್ತು ಫೇಸ್‌ಬುಕ್‌ಗೆ 2048. ಇನ್‌ಸ್ಟಾಗ್ರಾಮ್‌ಗೆ 1080ಕ್ಕೆ 1350ರ ನಿಂತ ಚೌಕಟ್ಟು. ಮೂರಕ್ಕೂ ಬಣ್ಣದ ಜಾಗ (ಕಲರ್ ಸ್ಪೇಸ್) ಎಸ್‌ಆರ್‌ಜಿಬಿ, ಪರದೆಗಳ ಸಾಮಾನ್ಯ ಮಾನಕ. ಅಚ್ಚಿಗೆ ಎಂದು ನೀವೇ ಸಿಎಂವೈಕೆ (ನಾಲ್ಕು ಶಾಯಿಯ ಬಣ್ಣ) ಮಾಡಿ ಕಳಿಸಬೇಡಿ, ಆ ಕೆಲಸ ಪ್ರೆಸ್ಸಿನವರದು.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಕಷ್ಟಪಟ್ಟು ಒಳಗೆ ಬರೆದ ಕ್ಯಾಪ್ಷನ್ನೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲ್ ಇದ್ದ ಹಾಗೇ ಹೋಗುತ್ತದೆ. ಡೆಸ್ಕಿನವರು ಕ್ಯಾಪ್ಷನ್ ನೋಡುವುದು ಫೋಟೋದ ಒಳಗಲ್ಲ, ಮೆಸೇಜಿನಲ್ಲಿ. ಹಾಗಾಗಿ ಅದನ್ನೇ ಕಾಪಿ ಮಾಡಿ ಫೋಟೋದ ಕೆಳಗೆ ಇನ್ನೊಮ್ಮೆ ಹಾಕಿ. ಮೂರು ಫೋಟೋಗಿಂತ ಜಾಸ್ತಿ ಕಳಿಸಬೇಡಿ. ಇಪ್ಪತ್ತು ಕಳಿಸಿದರೆ ಅವರು ಮೊದಲನೆಯದನ್ನೇ ಹಾಕುತ್ತಾರೆ. ಅದು ಹೆಚ್ಚಾಗಿ ವೇದಿಕೆಯದ್ದೇ ಆಗಿರುತ್ತದೆ.

ಕ್ಲಬ್ಬಿನವರಿಗೆ ಗೂಗಲ್ ಡ್ರೈವ್ ಲಿಂಕ್ ಕೊಡಿ. ಉಪಜಿಲ್ಲಾ ಕ್ರೀಡಾಕೂಟದಂಥ ಮಕ್ಕಳ ಪಂದ್ಯ ಆದರೆ ಲಿಂಕನ್ನು ಎಲ್ಲರಿಗೂ ತೆರೆದಿಡಬೇಡಿ. ಶಾಲೆಯ ಮಾಷ್ಟ್ರು, ಟೀಚರುಗಳ ಮೂಲಕ ಹೋಗಲಿ. ಓಟದಲ್ಲಿ ಬಿದ್ದು ಅಳುವ ಮಗುವಿನ ಫೋಟೋ ಎಷ್ಟೇ ಚೆನ್ನಾಗಿ ಬಂದಿದ್ದರೂ ಮನೆಯವರನ್ನು ಕೇಳದೆ ಹಾಕುವುದು ಸರಿ ಅಲ್ಲ.

ಇಟ್ಟುಕೊಳ್ಳುವುದು, ಮಳೆಗಾಲ ಸಹಿತ

ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಇದು ಎಲ್ಲ ಕಡೆ ನಡೆಯುವ ನಿಯಮ. ನಮ್ಮ ಮಟ್ಟಿಗೆ ಹೇಳಬೇಕೆಂದರೆ ಲ್ಯಾಪ್‌ಟಾಪ್, ಒಂದು ಹಾರ್ಡ್ ಡಿಸ್ಕ್, ಮತ್ತೆ ಐದು ನಕ್ಷತ್ರದವು ಕ್ಲೌಡಿನಲ್ಲಿ. ಎಲ್ಲ ರಾ ಫೈಲುಗಳನ್ನೂ ಮೋಡಕ್ಕೆ ಏರಿಸಲು ಹೋದರೆ ಇಂಟರ್ನೆಟ್ಟೂ ಸಾಲದು, ದುಡ್ಡೂ ಸಾಲದು. ಲೈಟ್‌ರೂಮ್ ಬಳಸುವವರು ಕ್ಯಾಟಲಾಗ್ ಫೈಲನ್ನೂ ಬ್ಯಾಕಪ್ ಮಾಡಬೇಕು. ಲೈಟ್‌ರೂಮ್ ತಾನೇ ಮಾಡುವ ಬ್ಯಾಕಪ್‌ನಲ್ಲಿ ಫೋಟೋಗಳು ಇರುವುದಿಲ್ಲ, ನಿಮ್ಮ ಎಡಿಟ್ ಮತ್ತು ಗುರುತುಗಳು ಮಾತ್ರ ಇರುತ್ತವೆ. ಬದಲಾವಣೆಗಳನ್ನು ರಾ ಫೈಲಿನ ಪಕ್ಕದಲ್ಲೇ ಕೂರುವ ಎಕ್ಸ್‌ಎಂಪಿ ಎಂಬ ಸಣ್ಣ ಮಾಹಿತಿ ಫೈಲಿಗೂ ಬರೆಯುವಂತೆ ಇಟ್ಟರೆ ನಕ್ಷತ್ರ, ಕ್ಯಾಪ್ಷನ್ನು ಬೇರೆ ಸಾಫ್ಟ್‌ವೇರಿನಲ್ಲೂ ಸಿಗುತ್ತವೆ.

ಸೀಸನ್ ಮುಗಿದ ಮೇಲೆ ಒಂದು ದಿನ ಕೂತು ನಕ್ಷತ್ರ ಇಲ್ಲದ ರಾ ಫೈಲುಗಳನ್ನು ಅಳಿಸಿ. ಜೂನ್ ತಿಂಗಳು ಇದಕ್ಕೆ ಒಳ್ಳೆಯದು, ಹೊರಗೆ ಹೋಗುವ ಹಾಗಂತೂ ಇರುವುದಿಲ್ಲ. ಕರಾವಳಿಯ ತೇವಕ್ಕೆ ಲೆನ್ಸಿನ ಒಳಗೆ ಫಂಗಸ್ ಬರುತ್ತದೆ. ಲೆನ್ಸ್, ಹಾರ್ಡ್ ಡಿಸ್ಕ್ ಎರಡನ್ನೂ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆ ಇಡಿ. ಜೆಲ್ ಬಣ್ಣ ಬದಲಾದರೆ ಒಣಗಿಸಿ ಮತ್ತೆ ಹಾಕಿ. ಗುಡುಗು ಶುರುವಾದರೆ ಡಿಸ್ಕಿನ ಪ್ಲಗ್ ಕಿತ್ತಿಡಿ.

ಆಟಿಯ ಕೆಸರುಗದ್ದೆಗೆ ಬೇರೆ ಲೆಕ್ಕ

ಜುಲೈ, ಆಗಸ್ಟ್‌ನಲ್ಲಿ, ಅಂದರೆ ತುಳುವರ ಆಟಿ ತಿಂಗಳ ಹೊತ್ತಿಗೆ, ಕೆಸರುಗದ್ದೆ ಕ್ರೀಡಾಕೂಟಗಳು ಬರುತ್ತವೆ. ಮೇಲಿನ ಹೆಸರಿನ ಪಟ್ಟಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಐದು ನಿಮಿಷದಲ್ಲಿ ಎಲ್ಲರ ನಂಬರೂ ಮುಖವೂ ಒಂದೇ ಬಣ್ಣ. ಅದಕ್ಕೆ ಗದ್ದೆಗೆ ಇಳಿಯುವ ಮೊದಲು ಪ್ರತಿ ತಂಡವನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಯಾರ ಮೈಕಟ್ಟು ಹೇಗೆ, ತಲೆಗೆ ಬೈರಾಸು (ಟವೆಲ್) ಕಟ್ಟಿದವರು ಯಾರು, ಗಡ್ಡ ಯಾರಿಗೆ ಎಂದು ಆಮೇಲೆ ತಾಳೆ ನೋಡಬಹುದು. ಮುಗಿದು ಎಲ್ಲರೂ ತೊಳೆದುಕೊಳ್ಳುವಾಗ ಇನ್ನೊಂದು.

ಎಡಿಟಿಂಗ್‌ನಲ್ಲೂ ಅಲ್ಲಿ ಆಟೋ ಬಟನ್ ನಂಬಬೇಡಿ. ಫ್ರೇಮ್ ಪೂರ್ತಿ ಕಂದು ಬಣ್ಣ ಇದ್ದರೆ ಅದು ನೀಲಿಯ ಕಡೆ ಎಳೆಯುತ್ತದೆ, ಕೆಸರು ಸಿಮೆಂಟಿನ ಹಾಗೆ ಕಾಣುತ್ತದೆ. ಯಾರದ್ದಾದರೂ ಹಲ್ಲು ಅಥವಾ ಕಣ್ಣಿನ ಬಿಳಿ ನೋಡಿ ಕೈಯಲ್ಲೇ ಸರಿ ಮಾಡಿ. ಮಧ್ಯಾಹ್ನದ ಮೋಡದ ಬೆಳಕಿನಲ್ಲಿ ಲೈಟು ಮಿನುಗುವ ಕಾಟ ಇಲ್ಲ, ಹಾಗಾಗಿ ಇಲ್ಲಿ ಎಕ್ಸ್‌ಪೋಶರನ್ನೂ ಧೈರ್ಯವಾಗಿ ಸಿಂಕ್ ಮಾಡಬಹುದು. ಕಾರ್ಡ್ ಬದಲಿಸುವಾಗ ಗದ್ದೆಯ ಬದುವಿನಿಂದ ಆಚೆ ಬಂದು, ಕ್ಯಾಮೆರಾ ಒರೆಸಿ, ಒಣಗಿದ ಕೈಯಲ್ಲಿ ಮಾತ್ರ ಬಾಗಿಲು ತೆರೆಯಿರಿ.